ಒಂದು ಮೊಟ್ಟೆ, ಒಂದು ಹಲ್ಲು

ನನ್ನ ಮುಂದಿನ ಹಲ್ಲು ಹೋದದ್ದು ಒಂದು ಬೇಯಿಸಿದ ಮೊಟ್ಟೆಯಿಂದ. ತಿಂದವನು ನಾನು, ಹೊಡೆದವನು ನನ್ನ ಹೆಂಡತಿಯ ಅಣ್ಣ. ಗುಜರಿಯಲ್ಲಿ ಅವನ ಹೆಸರು ಬುಲ್ಡೋಜರ್. ಹಳೇ ಲಾರಿಗಳ ಎಂಜಿನ್ನುಗಳನ್ನು ಎಂಟು ಕಿಲೋ ಸುತ್ತಿಗೆಯಿಂದ ಬಡಿದು ಚೂರು ಮಾಡುವುದು ಅವನ ಕೆಲಸ. ನನ್ನದು ಅದೇ ಗುಜರಿಯ ಬಾಗಿಲಲ್ಲಿ, ಫ್ಯಾನಿನ ಕೆಳಗೆ ಕೂತು ಲಾರಿ ತೂಗುವುದು.

ಆಗ ತೂಗಬೇಕಾಗಿದ್ದದ್ದು ಅವನನ್ನೇ. ನನ್ನ ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಅಣ್ಣನದು ಹೊಂದುತ್ತದೆ ಎಂದ ಡಾಕ್ಟರು, ತೊಂಬತ್ತೆಂಟು ಕಿಲೋ ಇರುವಾಗ ಕೊಯ್ಯುವುದಿಲ್ಲ, ಎಂಬತ್ತೆಂಟಕ್ಕೆ ಇಳಿದು ಬಾ, ಇಳಿದು ಮತ್ತೆ ಏರಬೇಡ ಎಂದರು. ಆಹಾರತಜ್ಞೆ ಲೆಕ್ಕ ಹಾಕಿ ದಿನಕ್ಕೆ ಸಾವಿರದ ಐನೂರು ಕ್ಯಾಲರಿ ಬರೆದುಕೊಟ್ಟಳು.

ಮೊದಲ ತಿಂಗಳು ಐದು ಕಿಲೋ ಇಳಿದ. ಜೊತೆಗೆ, ಹಸಿವಿನ ಸಿಟ್ಟಿನಲ್ಲಿ ಮೂವರನ್ನು ನೆಲಕ್ಕಿಳಿಸಿದ. ಗ್ಯಾಸ್ ಕಟ್ಟರ್ ಹಿಡಿಯುವವನ ಬೆರಳು ಮುರಿದ. ಹಾರ್ನ್ ಹೊಡೆದ ಡ್ರೈವರನ ತಲೆಯನ್ನು ಅವನದೇ ಲಾರಿಯ ಬಾಗಿಲಿಗೆ ಅಪ್ಪಳಿಸಿದ. ಬಿಡಿಸಲು ಬಂದ ಮೇಸ್ತ್ರಿಯ ಮೂಗಿನಿಂದ ರಕ್ತ ಸುರಿಯಿತು. ಎರಡನೇ ತಿಂಗಳು ಹಸಿವು ತಡೆಯದೆ ಬೇಕರಿಗೆ ನುಗ್ಗಿ ಕೇಕಿನ ಮೇಲೆ ಕೇಕು ನುಂಗಿದ. ತೂಕ ಮತ್ತೆ ತೊಂಬತ್ತಾರು.

ಆ ಮಧ್ಯಾಹ್ನ ಅವನ ಡಬ್ಬಿಯಲ್ಲಿ ಎರಡು ಮೊಟ್ಟೆಯಿದ್ದವು. ನಾನು ಒಂದನ್ನು ಎತ್ತಿಕೊಂಡು, ಆಹಾರತಜ್ಞೆಯ ಮೂಗಿನ ದನಿಯಲ್ಲಿ, “ನೋಡೀ ಸಾರ್, ನಿಧಾನವಾಗಿ, ಒಂದು ತುತ್ತಿಗೆ ಮೂವತ್ತೆರಡು ಸಲ ಅಗೀಬೇಕು” ಎಂದು ಬಾಯಿಗೆ ಹಾಕಿಕೊಂಡೆ.

ಮುಷ್ಟಿ ಬಂದದ್ದೇ ಕಾಣಲಿಲ್ಲ. ಮೂವತ್ತೆರಡರಲ್ಲಿ ಒಂದು ಹಲ್ಲು ನೆಲದ ಮೇಲಿತ್ತು.

“ಉಗುಳು ಭಾವ! ಅದು ನಂದು!”

ಸುತ್ತಿಗೆ ಮೇಲೆದ್ದಿತು. ನಾನು ಉರುಳಿದೆ. ಕುರ್ಚಿ ನನ್ನ ಬದಲು ಪುಡಿಯಾಯಿತು. ಎರಡನೇ ಸಲ ಎತ್ತಿದವನ ಕೈ ಅರ್ಧಕ್ಕೇ ನಿಂತಿತು, ಮೊಣಕಾಲು ಮಡಿಸಿ ಕುಸಿದ.

“ಕಣ್ಣು ಕತ್ತಲೆ ಬರ್ತಿದೆ ಭಾವ…”

ನಾನು ಅವನ ಅಂಗಿಯ ಗುಂಡಿ ಬಿಚ್ಚುವಾಗ ಜೇಬಿನಿಂದ ಪಥ್ಯದ ಚೀಟಿ ಉದುರಿತು. ಮೇಲ್ಗಡೆ ಬರೆದಿತ್ತು: ಉದ್ಯೋಗ — ಲಾರಿ ತೂಗುವುದು, ಕೂತು ಮಾಡುವ ಕೆಲಸ.

“ಇದು ನಾನಲ್ವೇನಯ್ಯಾ?” ರಕ್ತ ಉಗುಳಿ ಕೇಳಿದೆ.

“ಕಿಡ್ನಿ ಕೊಟ್ಮೇಲೆ ಭಾರ ಎತ್ತಬಾರದಂತೆ. ಸುತ್ತಿಗೆಯವನು ಅಂದ್ರೆ ಬೇಡ ಅಂದ್ಬಿಡ್ತಾರೆ ಅಂತ ಭಯ ಆಯ್ತು. ಅವಳಿಗೆ ಇನ್ಯಾರು ಕೊಡ್ತಾರೆ?”

ಕೊರಳಪಟ್ಟಿ ಹಿಡಿದು ಆಸ್ಪತ್ರೆಗೆ ಎಳೆದೊಯ್ದೆ. ಆಹಾರತಜ್ಞೆ ಚೀಟಿ ಹರಿದು ಎಸೆದಳು. “ದಿನವಿಡೀ ಸುತ್ತಿಗೆ ಎತ್ತೋರಿಗೆ ಇದು ಸಾಲುತ್ತಾ? ಎರಡು ಸಾವಿರದ ನಾನೂರು ತಿನ್ನಿ. ತಿಂಗಳಿಗೆ ಎರಡೇ ಕಿಲೋ ಇಳೀಲಿ, ಆದ್ರೆ ಇಳಿದದ್ದು ಉಳೀಲಿ. ಭಾರ ಎತ್ತಬಾರದಿರೋದು ಆಪರೇಷನ್ ಆಗಿ ಕೆಲವು ವಾರ, ಅಷ್ಟೇ.”

“ಅಂದ್ರೆ ಇನ್ನೂ ನಾಲ್ಕು ತಿಂಗಳು!” ಅವನು ಮೇಜು ಗುದ್ದಿದ. “ಅಷ್ಟು ದಿನ ತಂಗಿ ತಡೀತಾಳಾ? ದಿನಕ್ಕೆ ಬರೀ ಐನೂರು ಕ್ಯಾಲರಿ ಬರೀರಿ. ನಾನು ಹಸ್ಕೊಂಡಿರ್ತೀನಿ.”

ಡಯಾಲಿಸಿಸ್ ಮುಗಿಸಿ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಂದು ಕೈಗೆ ಬ್ಯಾಂಡೇಜು. ಇನ್ನೊಂದು ಕೈಯಿಂದ ಅಣ್ಣನ ಕೆನ್ನೆಗೆ ಬಾರಿಸಿದ ಸದ್ದಿಗೆ ನರ್ಸುಗಳು ಓಡಿ ಬಂದರು.

“ನೀನು ಹಸಿದು ಸತ್ರೆ ನಂಗೆ ಕಿಡ್ನಿನೂ ಇಲ್ಲ, ಅಣ್ಣನೂ ಇಲ್ಲ. ನಾಲ್ಕು ತಿಂಗಳು ಸೂಜಿ ಚುಚ್ಚಿಸ್ಕೊಳ್ಳೋಳು ನಾನು. ಕಾಯೋದು ನನ್ನ ಕೆಲಸ, ತಿನ್ನೋದು ನಿನ್ನ ಕೆಲಸ. ತಿಳೀತಾ?”

ಬುಲ್ಡೋಜರ್ ಕೆನ್ನೆ ಹಿಡಿದು ತಲೆಯಾಡಿಸಿದ.

ತಿಂಗಳ ಕೊನೆಗೆ ತೊಂಬತ್ತನಾಲ್ಕು. ಅಷ್ಟರಲ್ಲಿ ಅವನು ಒಡೆದದ್ದು ಎಂಜಿನ್ನುಗಳನ್ನು ಮಾತ್ರ. ಅಂದು ಅವನ ಡಬ್ಬಿಯಲ್ಲಿ ನಾಲ್ಕು ಮೊಟ್ಟೆಯಿದ್ದವು. ಮೂರನ್ನು ಎಣಿಸಿ ತನ್ನ ಕಡೆಗಿಟ್ಟುಕೊಂಡು, ನಾಲ್ಕನೆಯದನ್ನು ನನ್ನತ್ತ ತಳ್ಳಿದ.

“ನಿಂಗೆ ಅಂತಾನೇ ತಂದೆ ಭಾವ. ನಿಧಾನವಾಗಿ ಅಗಿ,” ಎಂದ, ಅದೇ ಮೂಗಿನ ದನಿಯಲ್ಲಿ. “ಮೂವತ್ತೊಂದು ಸಲ.”