ಆರಾಮ ಅದೀವ್ರಿ

ನಾಗಪುರದ ಇತವಾರಿಯ ಕಾಳಿನ ಪೇಟೆಯಲ್ಲಿ ಗೌರವ್ವ ಬಾಯಿ ಬಿಚ್ಚುತ್ತಿರಲಿಲ್ಲ. ಲಾರಿಯಿಂದ ಚೀಲ ಇಳಿಯುವಾಗ ಉದುರಿದ ತೊಗರಿ, ಕಡಲೆಯನ್ನು ಗುಡಿಸಿ, ಮೊರದಲ್ಲಿ ಕೇರಿ, ಹರಳು ಆರಿಸಿ ಅಂಗಡಿಯ ಡಬ್ಬಕ್ಕೆ ತುಂಬುವುದು ಅವಳ ಕೆಲಸ. ಸಂಜೆ ಸೇಠ್ ಅದರಲ್ಲೇ ಎರಡು ಬೊಗಸೆ ಅವಳ ಸೆರಗಿಗೆ ಸುರಿದರೆ ಅದೇ ಕೂಲಿ. ಗಂಡ ಹನುಮಂತ ಅದೇ ಓಣಿಯಲ್ಲಿ ಕೈಗಾಡಿ ಎಳೆಯುತ್ತಿದ್ದ. ದಿನವೆಲ್ಲ ಎದುರುಬದುರು ಹಾಯುತ್ತಿದ್ದರೂ ಗಂಡಹೆಂಡತಿ ಮಾತಾಡುತ್ತಿರಲಿಲ್ಲ. ಉಂಡೆಯಾ ಎಂಬುದನ್ನೂ ಕಣ್ಣಲ್ಲೇ ಕೇಳಿ ಕಣ್ಣಲ್ಲೇ ಉತ್ತರ.

ಹಿಂದೊಮ್ಮೆ ಹನುಮಂತ ಮೈಮರೆತು, "ಏ ಗೌರಾ, ನೀರ ತಾರs" ಎಂದು ಕೂಗಿದ್ದ. ಪೊಲೀಸನೊಬ್ಬ ತಿರುಗಿ ನೋಡಿದ. ಇದು ಯಾವ ಭಾಷೆ, ಎಲ್ಲಿಂದ ನುಸುಳಿ ಬಂದೆ, ಕಾಗದ ತೋರಿಸು ಎಂದ. ಕಾಗದವನ್ನು ಹೊಳೆ ಒಯ್ದಿತ್ತು. ಹೊಳೆ ಒಯ್ದಿತು ಅನ್ನುವುದಕ್ಕೆ ಹಿಂದಿಯಲ್ಲಿ ಏನನ್ನಬೇಕೋ ಹನುಮಂತನಿಗೆ ತಿಳಿಯಲಿಲ್ಲ. ಕತ್ತಲಾಗುವವರೆಗೆ ಅವನನ್ನು ಚೌಕಿಯ ಮುಂದೆ ಕುಕ್ಕರಗಾಲಲ್ಲಿ ಕೂಡಿಸಿದ್ದರು. ಅಂದಿನಿಂದ ಅವರ ಕನ್ನಡ ಜೋಪಡಿಯ ಒಳಗೆ ಮಾತ್ರ. ಅದೂ ಪಿಸುಮಾತು.

ಜೋಪಡಿ ಇದ್ದದ್ದು ಕೊಳಕು ನಾಲೆಯ ದಂಡೆಯ ಮೇಲೆ. ಮಳೆ ಹನಿದರೆ ಸಾಕು, ಗೌರವ್ವನ ಕೈಕಾಲು ತಣ್ಣಗಾಗುತ್ತಿದ್ದವು. ಬಾಗಿಲ ಪಕ್ಕದ ಗೂಟಕ್ಕೆ ಒಂದು ಗಂಟು ಸದಾ ತೂಗುತ್ತಿತ್ತು. ಅದರೊಳಗೆ ಒಂದು ಜೊತೆ ಬಟ್ಟೆ, ಊರದೇವಿ ದ್ಯಾಮವ್ವನ ಭಂಡಾರದ, ಅಂದರೆ ಅರಿಸಿನಪುಡಿಯ, ಡಬ್ಬಿ. ಊರೆಂಬುದು ಈಗ ಇರಲಿಲ್ಲ. ಬಾಗಲಕೋಟಿ ಕಡೆಯ ಆ ಹೊಳೆದಂಡೆಯ ಊರು ಒಂದೇ ನೆರೆಗೆ ನೆಲಸಮವಾಗಿತ್ತು. ಉಳಿದವರನ್ನು ಗುಡ್ಡದ ಬದಿಯ ತಗಡಿನ ಶೆಡ್ಡುಗಳಿಗೆ ಸಾಗಿಸಿದ್ದರು. ಹೊಸ ಊರು ಕಟ್ಟುತ್ತೇವೆ, ಮನೆಗೊಂದು ಹಕ್ಕುಪತ್ರ ಕೊಡುತ್ತೇವೆ, ಅಲ್ಲಿಯವರೆಗೆ ಇಲ್ಲಿರಿ ಎಂದಿದ್ದರು. ಅತ್ತೆ ಮತ್ತು ಮಗಳು ಆ ಶೆಡ್ಡಿನಲ್ಲೇ ಇದ್ದರು. ಗಂಡಹೆಂಡತಿ ದುಡಿಮೆ ಹುಡುಕಿಕೊಂಡು ಸೊಲ್ಲಾಪುರಕ್ಕೆ ಬಂದು, ಅಲ್ಲಿಂದ ಯಾರದೋ ಬೆನ್ನು ಹತ್ತಿ ನಾಗಪುರ ಸೇರಿದ್ದರು. ಆ ಹಕ್ಕುಪತ್ರ ಬಂದ ದಿನ ತಿರುಗಿ ಹೋಗುವುದು. ಗೌರವ್ವ ದಿನಾ ದೀಪ ಹಚ್ಚಿ ದೇವಿಯನ್ನು ಬೇಡುತ್ತಿದ್ದದ್ದು ಅದೊಂದನ್ನೇ.

ಶ್ರಾವಣದಲ್ಲಿ ಓಣಿಗೆ ಸುದ್ದಿ ಬಂತು. ಪತ್ತೆ ಹಚ್ಚುವವರು ಬಂದಿದ್ದಾರಂತೆ, ಹೊರಗಿನಿಂದ ಬಂದವರ ಮನೆಮನೆ ಹೊಕ್ಕು ಫೋಟೋ ಹಿಡಿಯುತ್ತಿದ್ದಾರಂತೆ.

"ಬಾಗಲ ಹಾಕ್ಕೊಂಡ ಕೂತಬಿಡು. ಕೇಳಿದ್ದಕ್ಕೆಲ್ಲಾ ತಲಿ ಹಾಕಬ್ಯಾಡ" ಎಂದ ಹನುಮಂತ.

"ಬಾಗಲ ಅಂತೀರಲ್ರೀ, ಎಲ್ಲೈತಿ? ಗೋಣಿತಟ್ಟ ಐತಿ."

ಆ ಗೋಣಿತಟ್ಟನ್ನು ಸರಿಸಿಯೇ ಮರುದಿನ ಒಂದು ಹುಡುಗಿ ಒಳಗೆ ಇಣುಕಿದಳು. ಕೊರಳಲ್ಲಿ ಗುರುತುಚೀಟಿ, ಕೈಯಲ್ಲಿ ಹಲಗೆಯಂಥ ಫೋನು. ಗೌರವ್ವ ಗಂಟಿಗೆ ಕೈ ಹಾಕಿದಳು. ಎಬ್ಬಿಸಲು ಬಂದಿದ್ದಾರೆಂದೇ ಅವಳ ಲೆಕ್ಕ. ಹುಡುಗಿ ಗಂಟಿನ ಬಾಯಲ್ಲಿ ಕಂಡ ಭಂಡಾರದ ಡಬ್ಬಿ ನೋಡಿದಳು, ಗೌರವ್ವನ ಕೈಮೇಲಿನ ಹಚ್ಚೆ ನೋಡಿದಳು.

"ಅಕ್ಕಾರ, ನೀವು ಕನ್ನಡದವ್ರೇನ್ರಿ?"

ಪರನಾಡಿನಲ್ಲಿ ಯಾರೋ ತವರಿನ ಹೆಸರು ಹಿಡಿದು ಕರೆದಂತಾಯಿತು. ಗೌರವ್ವನ ಕಣ್ಣು ತುಂಬಿದವು. ಹುಡುಗಿಯ ಹೆಸರು ನಯನಾ. ತಂದೆ ರೈಲ್ವೆಯವರು, ಧಾರವಾಡದ ಕಡೆಯವರು. ಹುಟ್ಟಿ ಬೆಳೆದದ್ದೆಲ್ಲ ನಾಗಪುರದಲ್ಲೇ. ಕನ್ನಡ ಓದಲು ತಡವರಿಸುತ್ತಾಳೆ, ಮಾತು ಮಾತ್ರ ಮನೆಯದು.

"ಅಂಜಬ್ಯಾಡ್ರಿ. ನೆರಿ ಬಂದು, ಗಲಾಟಿ ಆಗಿ ಊರ ಬಿಟ್ಟವ್ರು ಎಲ್ಲೆಲ್ಲಿ ಅದಾರಂತ ಹುಡುಕೂದ ನಮ್ಮ ಕೆಲಸಾ. ಸರ್ಕಾರ ನಮ್ಮ ಸಂಸ್ಥೆಗೆ ಕೊಟ್ಟೈತಿ. ನಾಳೆ ನಮ್ಮ ಸಾಹೇಬ್ರು ಬರ್ತಾರ, ನಿಮ್ಮ ಕೂಡ ಮಾತಾಡ್ತಾರ. ಬೆಂಗಳೂರವ್ರು. ಅವರೂ ಕನ್ನಡದವ್ರs."

"ನಮ್ಮ ಮನಿಗೆ? ಸಾಹೇಬ್ರು?"

ಅಂಜಿಕೆಯ ಬಣ್ಣ ಬದಲಾಯಿತು. ಬಂದವರಿಗೆ ಕೂಡಲು ಏನು ಹಾಕುವುದು? ಓಣಿಯಲ್ಲಿ ಇದ್ದದ್ದು ಒಂದೇ ಕುರ್ಚಿ, ಪಕ್ಕದ ಬುಧ್ರಿಯದು. ಕೆಂಪು ಪ್ಲಾಸ್ಟಿಕ್ಕಿನದು. ನಾಲೆ ತುಂಬಿ ಬಂದಾಗ ತೇಲುತ್ತಿದ್ದುದನ್ನು ಅವಳು ಎಳೆದುಕೊಂಡಿದ್ದಳು. ಮುರಿದ ಒಂದು ಕೈಯನ್ನು ಹಸಿರು ಹಗ್ಗದಿಂದ ಬಿಗಿದಿದ್ದಳು. ಬುಧ್ರಿ ಬಸ್ತರದ ಕಾಡಿನವಳು. ಅವಳ ಊರು ಎರಡು ಕಡೆಯ ಬಂದೂಕುಗಳ ನಡುವೆ ಸಿಕ್ಕು ಸುಟ್ಟುಹೋಗಿತ್ತು. ಅವಳ ಮಾತು ಇವಳಿಗೆ ಬಾರದು, ಇವಳದು ಅವಳಿಗೆ. ನಡುವೆ ನಾಲ್ಕು ಮುರುಕು ಹಿಂದಿ, ಉಳಿದದ್ದು ಕೈಸನ್ನೆ.

ಕುರ್ಚಿ ಬಂತು. ಚಹಾದಂಗಡಿಯಿಂದ ಹೂವಿನ ಕಪ್ಪು ಬಂದವು. ದರ್ಜಿಯ ಮನೆಯಿಂದ ಟೇಬಲ್ ಫ್ಯಾನು ಬಂತು. ಜೋಪಡಿಗೆ ಕರೆಂಟೇ ಇರಲಿಲ್ಲ. ಇರಲಿ, ನೋಡಲು ಲಕ್ಷಣ ಎಂದು ಮೂಲೆಯಲ್ಲಿ ಇಟ್ಟಳು. ಅತಿಥಿ ದೇವರ ಹಾಗೆ. ದೇವರ ಮುಂದೆ ಬಡತನವನ್ನು ಹರವಿಡುವುದು ಅವಳು ಬೆಳೆದ ಮನೆಯ ರೀತಿಯಲ್ಲ.

ಸಾಹೇಬರ ಹೆಸರು ಶ್ರೀಕಾಂತ. ಬಂದರು, ಕುರ್ಚಿಯಲ್ಲಿ ಕೂತರು, ಚಹಾ ಕುಡಿದರು. ಆಮೇಲೆ ಎದ್ದು, ಗೌರವ್ವನನ್ನು ಅದೇ ಕುರ್ಚಿಯಲ್ಲಿ ಕೂಡಿಸಿ ಫೋಟೋ ಹಿಡಿದರು.

"ಸ್ವಲ್ಪ ನಗಿ ಗೌರಮ್ಮ. ಹಾಂ, ಹಾಗೆ. ಆರಾಮಾಗಿದ್ದೀರಾ?"

"ಆರಾಮ ಅದೀವ್ರಿ ಸಾಹೇಬ್ರ. ದೇವ್ರ ಚಲೋ ಇಟ್ಟಾನ."

ಆ ಸೀಮೆಯಲ್ಲಿ ಈ ಪ್ರಶ್ನೆಗೆ ಇರುವುದು ಇದೊಂದೇ ಉತ್ತರ. ಜ್ವರದಲ್ಲಿ ನರಳುವವನೂ ಇದನ್ನೇ ಅನ್ನುತ್ತಾನೆ, ಮಣ್ಣು ಮಾಡಿ ಬಂದವನೂ ಇದನ್ನೇ. ಅದು ಸುಳ್ಳಲ್ಲ. ಕೇಳಿದವರ ಮನಸ್ಸು ನೋಯದಿರಲಿ, ಇಟ್ಟವನನ್ನು ಹಳಿದಂತಾಗದಿರಲಿ ಎಂಬ ನಮಸ್ಕಾರ. ಗೌರವ್ವನಿಗೆ ಇನ್ನೊಂದು ಭಯವೂ ಇತ್ತು. ಕೆಟ್ಟದ್ದನ್ನು ನುಡಿದರೆ ಮೇಲೆ ಸುಳಿಯುತ್ತಿರುವ ದೇವತೆ ಅಸ್ತು ಅನ್ನುತ್ತದೆ. ನೆರೆಯ ಹಿಂದಿನ ಸಂಜೆ ಅವಳ ಹಡೆದವ್ವ ಹೊಸಿಲ ಮೇಲೆ ಕೂತು, "ಈ ಸಲ ಹೊಳಿ ನನ್ನ ಬಿಡೂದಿಲ್ಲ ನೋಡು" ಎಂದಿದ್ದಳು. ಹೊಳೆ ಬಿಡಲಿಲ್ಲ. ಅಂದಿನಿಂದ ಗೌರವ್ವ ಕನಸಿನಲ್ಲೂ ಕೆಟ್ಟ ಮಾತು ಆಡಿದವಳಲ್ಲ.

ಸಾಹೇಬರು ಹೊರಗೆ ಚಪ್ಪಲಿ ಹುಡುಕುವಷ್ಟರಲ್ಲಿ ಕುರ್ಚಿ ಹಿತ್ತಿಲ ದಾರಿಯಿಂದ ಬುಧ್ರಿಯ ಜೋಪಡಿ ಸೇರಿತು. ಅವರು ಅಲ್ಲಿ ಮುಗಿಸುವ ಹೊತ್ತಿಗೆ ದರ್ಜಿಯ ಮನೆಗೆ ಹಾರಿತು. ಹೀಗೆ ಓಣಿಯ ಕೊನೆಯವರೆಗೂ ಕುರ್ಚಿಯ ಪಯಣ. ಮನೆಮನೆಯಲ್ಲೂ ಸಾಹೇಬರು ಅದರಲ್ಲೇ ಕೂತರು. ತಾವು ಕೂತ ಕುರ್ಚಿಯನ್ನು ಸಾಹೇಬರು ನೋಡುವುದುಂಟೇ?

ಭಾದ್ರಪದದಲ್ಲಿ ಅತ್ತೆಯ ಫೋನು ಬಂತು.

"ಆರಾಮ ಅದೀರೇನ ಯವ್ವಾ?"

"ಆರಾಮ ಅದೀವ್ರಿ ಅತ್ತಿ. ನೀವು?"

"ಆರಾಮ ಅದೀವಿ ತಾಯಿ." ಅತ್ತೆ ದನಿ ತಗ್ಗಿಸಿದಳು. "ಶೆಡ್ಡಿನ ಬಾಗಲಕ್ಕ ಚೀಟಿ ಹಚ್ಯಾರ. ನಿನ್ನ ಮಗಾ ಸೊಸಿ ನಾಗಪುರದಾಗ ನೆಲಿ ನಿಂತಾರ, ನಿಮಗ ಹಕ್ಕಪತ್ರ ಬರೂದಿಲ್ಲ, ಅಮಾಸಿ ಒಳಗ ಖಾಲಿ ಮಾಡು ಅಂತಾರ. ಹುಡುಗಿ ಅಳಾಕತ್ತೈತಿ. ಎಲ್ಲಿಗೆ ಹೋಗೂನವಾ?"

ಗೌರವ್ವನಿಗೆ ಕಾಲ ಕೆಳಗೆ ನೀರು ಹೊಕ್ಕಂತಾಯಿತು. ಗೋಣಿತಟ್ಟನ್ನು ಸರಿಸಿ ಓಡಿದಳು. ಹತ್ತಿರದ ಗಾಂಧಿಬಾಗ ಪೇಟೆಯ ಮೂಲೆಯಲ್ಲಿ ನಯನಾ ಸಿಕ್ಕಳು. ಹುಡುಗಿ ಎಲ್ಲ ಕೇಳಿಸಿಕೊಂಡಳು. ಹಲಗೆಯಂಥ ಫೋನಿನಲ್ಲಿ ದೇಶದ ನಕಾಶೆ ತೆಗೆದಳು. ತುಂಬ ಚುಕ್ಕಿಗಳು.

"ಕೆಂಪಂದ್ರ ಇನ್ನೂ ದಿಕ್ಕಿಲ್ಲದವ್ರು ಅಕ್ಕಾರ. ಹಸಿರಂದ್ರ ಸೆಟ್ಲ್ ಆದವ್ರು. ಇಕಾ ಇದು ನಿಮ್ಮ ಮನಿ."

ಹಸಿರು. ಪಕ್ಕದ್ದು ಬುಧ್ರಿಯದು, ಅದೂ ಹಸಿರು. ಓಣಿಗೆ ಓಣಿಯೇ ಗರಿಕೆ ಚಿಗುರಿದಂತೆ ಕಂಡಿತು.

"ಯಾರ ಮಾಡಿದ್ರs ಇದನ್ನ?"

"ಹಸಿರು ಜಾಸ್ತಿ ಆದ್ರ ಸಂಸ್ಥೆಗೆ ಮುಂದಿನ ವರ್ಷದ ಕೆಲಸಾ ಸಿಗತೈತ್ರಿ. ಸರ್ಕಾರಕ್ಕೂ ಅಷ್ಟು ಹಕ್ಕಪತ್ರ ಕೊಡೂದು ಉಳಿತೈತಿ."

"ನಮ್ಮನ್ನ ಒಂದ ಮಾತ ಕೇಳಲಾರದ?"

"ಕೇಳಿದ್ರಲ್ರೀ" ಎಂದಳು ನಯನಾ ನೆಲ ನೋಡುತ್ತ. "ನೀವು ಆರಾಮ ಅದೀವಿ ಅಂದ್ರಿ. ಕುರ್ಚಿ, ಫ್ಯಾನು ಎಲ್ಲಾ ಫೋಟೋದಾಗ ಬಂದೈತಿ."

ಗೌರವ್ವ ಅವಳ ಗದ್ದ ಹಿಡಿದು ಮುಖ ಎತ್ತಿದಳು. "ಸಾಹೇಬ್ರ ಬೆಂಗಳೂರವ್ರು, ಬಿಡು. ನೀ ನಮ್ಮ ಕಡೆ ಹುಡುಗಿ. ಆರಾಮ ಅಂದ್ರ ಏನಂತ ನಿನಗ ತಿಳೀಲಿಲ್ಲೇನ ತಂಗಿ?"

ಹುಡುಗಿ ಗದ್ದ ಬಿಡಿಸಿಕೊಳ್ಳಲಿಲ್ಲ. "ತಿಳದಿತ್ರಿ. ನಮ್ಮಜ್ಜಿ ದವಾಖಾನ್ಯಾಗ ಉಸಿರ ಎಳ್ಯಾಕತ್ತಾಗೂ ಆರಾಮ ಅದೀನಿ ಅಂದಿದ್ಲು. ಬರೋಬರ್ ಬರದ್ರ ನನ್ನ ನೌಕರಿ ಹೋಗತಿತ್ತು ಅಕ್ಕಾರ."

ಆದಿತ್ಯವಾರ ಒಂದು ದೊಡ್ಡ ಸಭಾಂಗಣದಲ್ಲಿ ಸಮಾರಂಭವಿತ್ತು. ದೆಹಲಿಯಿಂದ ಅಧಿಕಾರಿಗಳು, ಎಲ್ಲಿಂದಲೋ ಹಣ ಕೊಡುವವರು ಬರುವವರಿದ್ದರು. ಹಸಿರಾದವರಲ್ಲಿ ಒಬ್ಬರು ವೇದಿಕೆಯ ಮೇಲೆ ಮಾತಾಡಬೇಕು. ಸಾಹೇಬರು ಗೌರವ್ವನನ್ನೇ ಆರಿಸಿದ್ದರು. ಫೋಟೋದಲ್ಲಿ ಅವಳ ನಗು ಚೆನ್ನಾಗಿ ಬಂದಿತ್ತಂತೆ.

ಓಣಿಯವರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಬಂದರು. ವೇದಿಕೆಯ ಪಕ್ಕದಲ್ಲಿ ಸಾಹೇಬರು ತಗ್ಗಿದ ದನಿಯಲ್ಲಿ ಹೇಳಿದರು: "ನಿಮ್ಮ ಶೆಡ್ ವಿಷಯ ನಯನಾ ಹೇಳಿದ್ಲು. ನಾನು ಮೇಲೆ ಮಾತಾಡ್ತೀನಿ. ಅವತ್ತು ಹೇಳಿದ್ದನ್ನೇ ಇವತ್ತೂ ಹೇಳಿ, ಸಾಕು. ಬೇರೇನಾದ್ರೂ ಅಂದ್ರೆ ಆಮೇಲೆ ನನ್ನ ಕೈಲಿ ಏನೂ ಇಲ್ಲ ನೋಡಿ."

"ಹೂಂ ಅನ್ನು" ಎಂದ ಹನುಮಂತ. "ಹೆಂಗೂ ಒಂದ ಮಾತು. ಅಂದ ಬಿಡು. ಅವ್ವ ಬೀದಿಗೆ ಬೀಳ್ತಾಳ."

ಗೌರವ್ವ ಹೂಂ ಅಂದಳು. ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದ ಭಂಡಾರವನ್ನು ಬೆರಳಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ಅವಳ ಮಾತನ್ನು ಹಿಂದಿಗೆ ತಿರುಗಿಸಲು ನಯನಾ ಪಕ್ಕದಲ್ಲಿ ನಿಂತಳು. ದೀಪ ಆರಿಸಿದರು. ಗೋಡೆಯಗಲದ ಪರದೆಯ ಮೇಲೆ ಫೋಟೋಗಳು ಒಂದೊಂದಾಗಿ ಬಂದವು.

ಮೊದಲು ಗೌರವ್ವ, ಕೆಂಪು ಕುರ್ಚಿಯಲ್ಲಿ, ನಗುತ್ತ. ಚಪ್ಪಾಳೆ. ಆಮೇಲೆ ಬುಧ್ರಿ, ಕೆಂಪು ಕುರ್ಚಿಯಲ್ಲಿ. ಆಮೇಲೆ ದರ್ಜಿ, ಕೆಂಪು ಕುರ್ಚಿಯಲ್ಲಿ.

ಕತ್ತಲೆಯೊಳಗಿಂದ ಬುಧ್ರಿ ಎದ್ದು ನಿಂತು ಕೂಗಿದಳು. "ಏ! ಮೇರಾ ಕುರ್ಸಿ! ಸಬ್ ಮೇರಾ ಕುರ್ಸಿ!"

ಓಣಿಯವರು ಗೊಳ್ಳೆಂದು ನಕ್ಕರು. ಕುರ್ಚಿ ಪರದೆಯ ಮೇಲೆ ಬರುತ್ತಲೇ ಇತ್ತು. ಮುರಿದ ಕೈ, ಬಿಗಿದ ಹಸಿರು ಹಗ್ಗ, ಮನೆಮನೆಯಲ್ಲೂ ಅದೇ. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಸಾಹೇಬರು ಲಗುಬಗೆಯಿಂದ ಮೈಕನ್ನು ಗೌರವ್ವನ ಕೈಗಿಟ್ಟರು.

"ಹೇಳಿ ಗೌರಮ್ಮ, ಆರಾಮಾಗಿದ್ದೀರಾ?"

ನಾಲಿಗೆ ರೂಢಿಯಂತೆ ಆಗಲೇ ಮೇಲಕ್ಕೆ ಹೋಗಿತ್ತು. ಅವಳು ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ತಲೆಯ ಮೇಲೆ ಎಲ್ಲೋ ಆ ದೇವತೆ ಕಿವಿಗೊಟ್ಟು ಕೂತಿದೆ ಎನಿಸಿತು. ಹೊಸಿಲ ಮೇಲೆ ಕೂತಿದ್ದ ಹಡೆದವ್ವ ಕಂಡಳು. ಶೆಡ್ಡಿನ ಬಾಗಿಲಲ್ಲಿ ಅಳುವ ಮಗಳು ಕಂಡಳು. ಬೆರಳಲ್ಲಿದ್ದ ಭಂಡಾರವನ್ನು ಹಣೆಗೆ ಹಚ್ಚಿಕೊಂಡಳು.

"ಕುರ್ಚಿ ಬುಧ್ರೀದು ರೀ" ಎಂದಳು. ಮೈಕಿನಲ್ಲಿ ಅವಳ ದನಿ ಅವಳಿಗೇ ಅಂಜಿಕೆ ಹುಟ್ಟಿಸಿತು. "ಕಪ್ಪು ಚಹಾದಂಗಡೀವು. ಫ್ಯಾನು ದರ್ಜೀದು, ನಮ್ಮಲ್ಲಿ ಕರೆಂಟ ಇಲ್ಲ. ನಗಿ ಒಂದು ನಂದು. ಅದೂ ನೀವು ನಗು ಅಂದ್ರಿ ಅಂತ. ನಾವು ಆರಾಮ ಇಲ್ರಿ. ನೆಲಿ ನಿಂತಿಲ್ರಿ. ನಮ್ಮ ಶೆಡ್ಡ ಕಸ್ಕೋಬ್ಯಾಡ್ರಿ."

ಸಾಹೇಬರು ನಯನಾಳ ಕಡೆ ನೋಡಿದರು. ಎಚ್ಚರಿಕೆಯ ನೋಟ. ಹುಡುಗಿ ಸಭೆಯ ಕಡೆ ತಿರುಗಿದಳು. ಆಮೇಲೆ ಒಂದು ಮಾತೂ ಬಿಡದೆ ಎಲ್ಲವನ್ನೂ ಹಿಂದಿಯಲ್ಲಿ ಹೇಳಿಬಿಟ್ಟಳು, ಕುರ್ಚಿಯಿಂದ ಶೆಡ್ಡಿನವರೆಗೆ. ಬುಧ್ರಿ ಇನ್ನೂ ನಿಂತೇ ಇದ್ದಳು. ಹಿಂದಿ ಅರ್ಥವಾದಷ್ಟು ಅರ್ಥವಾಗಿ, "ಮೈ ಭೀ ನಹೀ", ನಾನೂ ಇಲ್ಲ, ಎಂದಳು. ದರ್ಜಿ ಎದ್ದ. ಅವನ ಹಿಂದೆ ಓಣಿಯವರು ಒಬ್ಬೊಬ್ಬರಾಗಿ ಎದ್ದರು. ಯಾರೋ ಮೈಕಿನ ತಂತಿ ಕಿತ್ತರು. ಪರದೆ ಕಪ್ಪಾಯಿತು. ದೀಪ ಹತ್ತಿದಾಗ ಮುಂದಿನ ಸಾಲಿನವರು ಊಟಕ್ಕೆ ಏಳುತ್ತಿದ್ದರು.

ತಿರುಗಿ ಬರಲು ಟೆಂಪೋ ಇರಲಿಲ್ಲ. ನಡೆದೇ ಬಂದರು. ನಯನಾಳ ಕೊರಳಿನ ಗುರುತುಚೀಟಿಯನ್ನು ಅಲ್ಲೇ ಬಿಚ್ಚಿಸಿಕೊಂಡಿದ್ದರು. ಅವಳೂ ಅವರ ಜೊತೆ ನಡೆದಳು. ನಕಾಶೆಯಲ್ಲಿ ಚುಕ್ಕಿಗಳು ಇನ್ನೂ ಹಸಿರಾಗಿಯೇ ಇವೆ ಎಂದು ಅವಳೇ ಹೇಳಿದಳು. ದಾರಿಯಲ್ಲಿ ಮಳೆ ಹಿಡಿಯಿತು. ಗೌರವ್ವ ಜೋಪಡಿ ಹೊಕ್ಕವಳೇ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನಾಲೆಯ ಸದ್ದಿಗೆ ಕಿವಿಗೊಟ್ಟು ಕೂತಳು. ಆಡಬಾರದ್ದನ್ನು ಆಡಿದ್ದೇನೆ, ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದಳು.

ಬಂದದ್ದು ಫೋನು.

"ಆರಾಮ ಅದೀರೇನ ಯವ್ವಾ?"

ಹನುಮಂತ ಅವಳ ಮುಖ ನೋಡಿದ. ಗೌರವ್ವ ಗಂಟನ್ನು ಕೆಳಗಿಟ್ಟಳು. ಜೋಪಡಿಯ ಹೊರಗೂ ಕೇಳುವಂತೆ, ಗಟ್ಟಿ ಕನ್ನಡದಲ್ಲಿ ಹೇಳಿದಳು.

"ಇಲ್ರಿ ಅತ್ತಿ. ಆರಾಮ ಇಲ್ಲ. ನೀವೂ ಇನ್ನ ಮ್ಯಾಲ ಹಂಗನಬ್ಯಾಡ್ರಿ. ಖಾಲಿ ಮಾಡಸಾಕ ಬಂದ್ರ ಹುಡುಗೀನ ಕರ್ಕೊಂಡು ಬಾಗಲದಾಗ ಕೂತಬಿಡ್ರಿ. ಯಾರರೆ ಆರಾಮ ಅದೀರೇನು ಅಂತ ಕೇಳಿದ್ರ, ಇಲ್ಲ ಅನ್ರಿ. ಶೆಡ್ಡಿನವ್ರೆಲ್ಲಾ ಅನ್ರಿ. ನಾವೂ ಬರ್ತೀವಿ."

ಆ ಕಡೆ ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಅದರ ಸದ್ದನ್ನೂ ಮೀರಿ ಮುದುಕಿ ಫೋನು ಕೈಯಲ್ಲೇ ಹಿಡಿದು ಶೆಡ್ಡಿನ ಸಾಲಿಗೆ ಸಾಲೇ ಕೇಳುವಂತೆ ಕೂಗುವುದು ಕೇಳಿಸಿತು.

"ಏ, ಕೇಳ್ರಬೇ ಎಲ್ಲಾರೂ! ನಾಳೆ ಅವ್ರು ಬಂದ್ರ ಆರಾಮ ಇಲ್ಲ ಅನಬೇಕಂತ!"

"ಅಯ್ಯ, ಅಸ್ತು ಅಂದೀತಬೇ ಮುದುಕಿ!" ದೂರದಿಂದ ಯಾರದೋ ಹೆದರಿದ ದನಿ.

"ಅನ್ಲಿ ಬಿಡs" ಎಂದಳು ಅತ್ತೆ. "ಇಷ್ಟ ವರ್ಸ ಆರಾಮ ಅದೀವಿ, ಆರಾಮ ಅದೀವಿ ಅಂದ್ವಲ್ಲ. ಅದಕ್ಕ್ಯಾಕ ಒಮ್ಮೆರೆ ಅಸ್ತು ಅನ್ನಲಿಲ್ಲ ಅದು?"