ಸೂಜಿ ಬಿಟ್ಟ ಹಾರೆ

ಹಾರೆಗೆ ಸೂಜಿ ಅಂಟಿದ್ದನ್ನು ಮೊದಲು ಕಂಡವಳು ಬೆಳ್ಳಮ್ಮನೇ. ಬಾಯಿ ಮುಚ್ಚಿಕೊಂಡಿದ್ದರೆ ಬದುಕಿಕೊಳ್ಳುತ್ತಿದ್ದಳು. ಅವಳ ಗಂಡ ಲಕ್ಕಣ್ಣ ಬಾಗೂರಿನ ಹತ್ತಿರ ಕಲ್ಲು ಒಡೆಯುವ ಕಡೆ ಬಂಡೆ ಉರುಳಿ ಸತ್ತು ಇನ್ನೂ ತಿಂಗಳಾಗಿರಲಿಲ್ಲ. ಬಂಡೆಗೆ ತೂತು ಕೊರೆಯುತ್ತಿದ್ದ ಅವನ ಉಕ್ಕಿನ ಹಾರೆ ಗೋಡೆಗೆ ಒರಗಿತ್ತು. ಪಕ್ಕದಲ್ಲಿ ಕೂತು ಮಗಳ ಲಂಗ ಹೊಲಿಯುತ್ತಿದ್ದವಳ ಕೈಯಿಂದ ಜಾರಿದ ಸೂಜಿ ಅದರ ಮೊನೆಗೆ ಕಚ್ಚಿಕೊಂಡಿತು. ಪೆದ್ದಿ, ಅತ್ತೆಯನ್ನು ಕೂಗಿ ಕರೆದು ತೋರಿಸಿದಳು.

ಅತ್ತೆ ಹೊನ್ನಕ್ಕ ಎದೆ ಬಡಿದುಕೊಂಡು ಅತ್ತಳು. ಮಗನ ಜೀವ ಹಾರೆಯಲ್ಲೇ ಇದೆ ಅಂದಳು. ಹೆಂಡತಿ ನೆಟ್ಟಗಿರುವ ತನಕ ಸೂಜಿ ನಿಲ್ಲುತ್ತದೆ ಅನ್ನುವುದನ್ನು ಯಾರು ಸೇರಿಸಿದರೋ ಗೊತ್ತಿಲ್ಲ; ಅಂಥ ಮಾತಿಗೆ ನಮ್ಮೂರಲ್ಲಿ ಅಪ್ಪ ಇರುವುದಿಲ್ಲ. ಅಮಾವಾಸ್ಯೆಗೊಮ್ಮೆ ಹಾರೆಗೆ ಅರಿಶಿನ ಕುಂಕುಮ ಹಚ್ಚಿ, ಬೆಳ್ಳಮ್ಮನ ಕೈಯಿಂದ ಸೂಜಿ ಮುಟ್ಟಿಸುವುದು ರೂಢಿಯಾಯಿತು. ಸೂಜಿ ನಿಲ್ಲುತ್ತಿತ್ತು. ಹೆಂಗಸರು ಅವಳ ಕಾಲಿಗೆ ಬೀಳುತ್ತಿದ್ದರು.

ಐವತ್ತೊಂಬತ್ತರ ಬೇಸಿಗೆಯಲ್ಲಿ ಮೈದುನ ರಂಗಯ್ಯ ಬಾವಿ ತೋಡಲು ಆ ಹಾರೆ ಒಯ್ದ. ಮೊನೆ ಮೊಂಡಾಗಿದೆಯೆಂದು ಕುಲುಮೆಯಲ್ಲಿ ಕೆಂಪಗೆ ಕಾಸಿ ತಟ್ಟಿಸಿಕೊಂಡು ಬಂದ. ಮುಂದಿನ ಅಮಾವಾಸ್ಯೆಗೆ ಸೂಜಿ ನಿಲ್ಲಲಿಲ್ಲ. ಬೆಳ್ಳಮ್ಮ ಎತ್ತಿ ಮತ್ತೆ ಮುಟ್ಟಿಸಿದಳು, ಮತ್ತೆ ಬಿತ್ತು. ಕಾಲಿಗೆ ಬಿದ್ದವರೇ ಉಗಿದು ಎದ್ದು ಹೋದರು.

ಪಂಚಾಯ್ತಿ ಸೇರಿತು. ಬೆಳ್ಳಮ್ಮ ತವರಿಗೆ ಹೋಗಬೇಕು, ಮಗಳು ಇಲ್ಲೇ ಇರಬೇಕು, ಅದು ಮೊದಲೇ ತೀರ್ಮಾನವಾಗಿತ್ತು.

"ಕುಲ್ಮೆಗಾಕ್ಸಿದ್ದು ನಾನೇ ಕಣ್ರಪ್ಪಾ," ಅಂದ ರಂಗಯ್ಯ. "ಬೆಂಕಿಗ್ ಬಿದ್ರೆ ಸತ್ಯ ಇನ್ನೂ ಒಳೀಬೇಕು. ಸತ್ತೋಯ್ತದಾ?"

ಎಲ್ಲರೂ ತಲೆದೂಗಿದರು. ಅಣ್ಣನ ಪಾಲಿನ ಹೊಲ ಅವನ ಕೈಗೆ ಬರುತ್ತದೆಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆಗ ಸ್ಕೂಲು ಮೇಷ್ಟ್ರು ಈಶ್ವರಯ್ಯ ಎದ್ದು ನಿಂತರು. ಹೊಳೆನರಸೀಪುರದವರು, ಸಾಧು ಮನುಷ್ಯ.

"ಇದರಲ್ಲಿ ಆಯಮ್ಮನ ತಪ್ಪೇನಿಲ್ಲ. ಭೂಮಿಯೇ ಒಂದು ಅಯಸ್ಕಾಂತ. ಅದರ ಸೆಳೆತ ಬಲು ಕ್ಷೀಣ, ಒಂದು ಸೂಜಿಯನ್ನೂ ಎಳೆಯಲಾರದು. ಆದರೆ ಉಕ್ಕನ್ನು ಉತ್ತರಕ್ಕೆ ಮುಖ ಮಾಡಿ ಹಿಡಿದು ಜೋರಾಗಿ ಬಡಿದರೆ, ಏಟು ಬಿದ್ದ ಹಾಗೆಲ್ಲ ಒಳಗಿನ ಕಣಗಳು ಚೂರು ಚೂರೇ ಅತ್ತ ತಿರುಗಿ ನಿಂತು ಉಕ್ಕೇ ಅಯಸ್ಕಾಂತವಾಗುತ್ತದೆ. ಲಕ್ಕಣ್ಣ ಉತ್ತರ ದಿಕ್ಕಿಗೇ ಕೊರೆಯುತ್ತಿದ್ದ. ಕೆಂಪಗೆ ಕಾಸಿದರೆ ಎಲ್ಲ ಚೆದುರಿಹೋಗುತ್ತವೆ."

ಬೆಳ್ಳಮ್ಮ ತಲೆ ಎತ್ತಿದಳು. ಉಳಿದಳು ಅಂದುಕೊಂಡೆ ನಾನು.

ಯಜಮಾನ ರುದ್ರಯ್ಯ ಎಲೆಅಡಿಕೆ ಉಗಿದು ಬಂದು ಕೂತ. "ಅದೆಲ್ಲ ಸರಿ ಸಾ. ಲಕ್ಕಣ್ಣ ಯಾವ್ ದಿಕ್ಕಿಗೆ ಕೊರೀತಿದ್ದ ಅಂತ ನಿಮ್ಗೆ ಯೋಳ್ದೋರ್ಯಾರು?"

"ಬೆಳ್ಳಮ್ಮನೇ. ಸೂಜಿ ಯಾಕೆ ನಿಲ್ಲಲಿಲ್ಲ ಅಂತ ಸ್ಕೂಲಿನ ಹತ್ತಿರ ಬಂದು ಕೇಳಿದರು, ಆಗ ಹೇಳಿದರು."

"ಓಹೋ. ಬಂದಿದ್ಲಾ?"

ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ರಂಗಯ್ಯನ ಮುಖ ಅರಳಿತು. ಇಂಥ ಸಾಕ್ಷಿ ಅವನಿಗೂ ಹೊಳೆದಿರಲಿಲ್ಲ.

"ಮಗೀನ ಕಂಕ್ಳಲ್ಲಿಟ್ಕಂಡು ಜಗ್ಲಿ ಕೆಳ್ಗೇ ನಿಂತಿದ್ದೆ, ಯೋಳಿ ಮೇಷ್ಟ್ರೇ," ಅಂದಳು ಬೆಳ್ಳಮ್ಮ. "ಆರೆ ಇಲ್ಲೇ ಅದೆ. ಉತ್ರಕ್ಕಿಡ್ದು ಬಡ್ದು ತೋರ್ಸಿ. ನಿಮ್ ಕಾಲಿಗ್ ಬೀಳ್ತೀನಿ."

ಒಂದು ಸುತ್ತಿಗೆ ಸಾಕಿತ್ತು. ಮೇಷ್ಟ್ರು ಹಾರೆಯನ್ನೂ ನೋಡಿದರು, ನಗುತ್ತಿದ್ದ ನಮ್ಮನ್ನೂ ನೋಡಿದರು.

"ಪುಸ್ತಕದಲ್ಲಿ ಇರುವುದನ್ನು ಹೇಳಿದೆ ಅಷ್ಟೆ. ಈ ಹಾರೆ ವಿಚಾರ ನನಗೆ ಗೊತ್ತಿಲ್ಲ," ಎಂದು ಚಪ್ಪಲಿ ಹುಡುಕಿಕೊಂಡು ಹೊರಟುಬಿಟ್ಟರು. ಥೂ, ಅವರ ಓದಿಗಿಷ್ಟು.

ಮಧ್ಯಾಹ್ನವೇ ಬೆಳ್ಳಮ್ಮನನ್ನು ಅರಕಲಗೂಡಿನ ದಾರಿಗೆ ಅಟ್ಟಿದರು. ತಿರುಗಿ ಬಂದರೆ ಮಗುವಿನ ಕಾಲು ಮುರಿಯುತ್ತೇವೆ ಅಂದಿದ್ದರಿಂದ ಅವಳು ತಿರುಗಿಯೂ ನೋಡಲಿಲ್ಲ. ಮಗು ಹೊನ್ನಕ್ಕನ ಸೆರಗು ಜಗ್ಗಿತು.

"ಅವ್ವ ಎಲ್ಲಿಗೋಯ್ತಾವ್ಳೆ ಅಜ್ಜಿ?"

"ಸಂತೆಗೆ ಕಣವ್ವ."

"ನಂಗೇನ್ ತತ್ತಾಳೆ?"

"ಬಳೆ," ಅಂದಳು ಹೊನ್ನಕ್ಕ. "ಕೈ ತುಂಬ ಬಳೆ ತತ್ತಾಳೆ. ಅತ್ರೆ ಮಾತ್ರ ತರಾಕಿಲ್ಲ."

ಮಗು ಅಳದೆ ಬಾಗಿಲಲ್ಲಿ ಕೂತಿತು.