ಅತ್ತಿಗೆಯ ಸುಣ್ಣದ ಬೊಟ್ಟು

ನನ್ನ ಅತ್ತಿಗೆ ಕುಸುಮಳಿಗೆ ದೇವರು ಕಣ್ಣು ಕೊಟ್ಟದ್ದೇ ನನ್ನ ತಪ್ಪು ಹುಡುಕಲಿಕ್ಕೆ ಎಂದು ಆಗ ನಾನು ನಂಬಿದ್ದೆ. ೧೯೬೭ರ ಮಾತು. ಬಂಟ್ವಾಳ ಪೇಟೆಯಲ್ಲಿ ಅಬ್ದುಲ್ ವಹಾಬ್ ಸಾಹೇಬರು ರೇಡಿಯೋದ ಒಳಗೆ ಕೂರುವ ಸರ್ಕಿಟ್ ಬೋರ್ಡು ತಯಾರಿಸುವ ಸಣ್ಣ ಕಾರ್ಖಾನೆ ಇಟ್ಟಿದ್ದರು. ಬೀಡಿ ಕಟ್ಟಿ ಬೆರಳು ಚುರುಕಾದವರೇ ಬೇಕೆಂದು ನಮ್ಮಂಥ ಎಂಟು ಹೆಂಗಸರನ್ನು ಸೇರಿಸಿಕೊಂಡರು. ಏಳು ಮಂದಿ ಬೆಸುಗೆ ಹಾಕುವುದು, ಅತ್ತಿಗೆ ಅದನ್ನು ನೋಡಿ ಪಾಸು ಮಾಡುವುದು.

ಬೀಡಿ ಚೆಕ್ಕರ್ ಕೆಟ್ಟ ಬೀಡಿಯನ್ನು ಕಟ್ಟಿದವಳ ಕಣ್ಣೆದುರೇ ಮುರಿದು ಬಿಸಾಡುತ್ತಾನೆ. ಬೋರ್ಡನ್ನು ಮುರಿಯುವ ಹಾಗಿಲ್ಲವಲ್ಲ. ಅತ್ತಿಗೆ ತನ್ನ ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತೆಗೆದು, ಕೆಟ್ಟ ಬೋರ್ಡಿನ ಮೂಲೆಗೆ ಒಂದು ಬೊಟ್ಟು ಇಡುತ್ತಿದ್ದಳು. ಬೊಟ್ಟು ಬಿದ್ದದ್ದು ಬೇಡದ ಮಾಲು. ಅದರಲ್ಲಿ ಹೆಚ್ಚಿನದೂ ನನ್ನದೇ.

"ಮನೆಯ ಜನ ಅಂತ ಒಂದು ಮುಲಾಜೂ ಇಲ್ಲವಾ ನಿನಗೆ?" ಎಂದು ಕೇಳಿದ್ದೆ.

"ನೀನು ನನ್ನ ನಾದಿನಿ ಅಂತ ರೇಡಿಯೋಕ್ಕೆ ಗೊತ್ತುಂಟಾ?" ಎಂದಿದ್ದಳು.

ಬೋರ್ಡಿಗೆ ಸರ್ಕಾರದ ಗುಣಮಟ್ಟದ ಮುದ್ರೆ ಸಿಕ್ಕಿದರೆ ದೊಡ್ಡ ಕಂಪೆನಿಗೆ ಮಾರಬಹುದು; ಸಿಗದಿದ್ದರೆ ನಾವು ಎಂಟು ಮಂದಿಯೂ ತಿರುಗಿ ಬೀಡಿಗೆ. ಪರೀಕ್ಷೆಗೆ ಬೆಂಗಳೂರಿನಿಂದ ಸುಬ್ಬಪ್ಪ ಎಂಬವರು ಬರುವ ದಿನ ನಾನು ಎಲ್ಲರಿಗಿಂತ ಮೊದಲೇ ಹೋದೆ. ಬೊಟ್ಟು ಬಿದ್ದ ನನ್ನ ಹದಿಮೂರು ಬೋರ್ಡುಗಳನ್ನು ಸೆರಗಿನಿಂದ ಒರೆಸಿ, ಒಳ್ಳೆಯ ರಾಶಿಯೊಳಗೆ ತೂರಿಸಿದೆ. ಬೆಂಗಳೂರಿನವರೆದುರು ನನ್ನ ಮಾನ ಹೋಗಬಾರದೆಂಬುದೊಂದೇ ಆಲೋಚನೆ. ಬೀಡಿಯ ಕಟ್ಟಿನಲ್ಲೂ ಹೀಗೆ ಒಂದೆರಡು ಕೆಟ್ಟದ್ದನ್ನು ನಡುವೆ ಸೇರಿಸಿ ದಾಟಿಸಿ ಅಭ್ಯಾಸವಿತ್ತು.

ಸುಬ್ಬಪ್ಪನವರು ರಾಶಿಯಿಂದ ಐದು ಬೋರ್ಡು ಆರಿಸಿ ಯಂತ್ರಕ್ಕೆ ಜೋಡಿಸಿದರು. ಎರಡಕ್ಕೆ ಯಂತ್ರದ ಮುಳ್ಳು ಅಲ್ಲಾಡಲೇ ಇಲ್ಲ. ಸಾಹೇಬರ ಮುಖ ಕಪ್ಪಿಟ್ಟಿತು.

"ಕುಸುಮಾ, ನೀನು ನೋಡಿ ಪಾಸು ಮಾಡಿದ್ದು ಇದನ್ನಾ? ನಾಳೆಯಿಂದ ಬರುವುದು ಬೇಡ."

ಸುಬ್ಬಪ್ಪನವರ ಕಣ್ಣು ನನ್ನ ಸೆರಗಿನ ಮೇಲೆ ಬಿತ್ತು. "ಏನ್ರೀ ಅದು, ಬಿಳೀದು? ಬೋರ್ಡಿನ ಮೂಲೇಲೂ ಇದೆ."

ನಾನು ಸೆರಗನ್ನು ಹಿಂದಕ್ಕೆ ಎಳೆದುಕೊಂಡೆ. ಅತ್ತಿಗೆ ನನ್ನ ಸೆರಗು ನೋಡಿದಳು, ಮುಖ ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಯಿತು.

"ಅವಳು ಎಲೆಯಡಿಕೆ ಹಾಕುವವಳು ಸರ್, ಕೈ ತಾಗಿರಬೇಕು. ಬೋರ್ಡು ನೋಡಿದ್ದು ನಾನು. ತಪ್ಪು ನನ್ನದು," ಎಂದಳು.

ಅವಳು ಬೈದಿದ್ದರೆ ನಾನೂ ನಾಲ್ಕು ಬೈದು ಮುಗಿಸುತ್ತಿದ್ದೆ. ಇದನ್ನು ಮಾತ್ರ ತಡೆಯಲಾಗಲಿಲ್ಲ. "ಇಲ್ಲ ಸಾಹೇಬ್ರೇ, ಅತ್ತಿಗೆ ಬೇಡ ಅಂತ ತೆಗೆದಿಟ್ಟದ್ದನ್ನು ಒರೆಸಿ ಸೇರಿಸಿದ್ದು ನಾನು," ಎಂದು ಗೊಳೋ ಎಂದು ಅತ್ತೆ.

ಸುಬ್ಬಪ್ಪನವರು ಉಳಿದ ರಾಶಿಯನ್ನೆಲ್ಲ ಅತ್ತಿಗೆಯ ಮುಂದೆ ಇಡಿಸಿದರು. "ಇನ್ನೊಂದ್ಸಲ ಆರಿಸಮ್ಮ."

ಅತ್ತಿಗೆ ಬೆರಳಾಡಿಸುತ್ತ ಹನ್ನೊಂದನ್ನು ಹೊರಗಿಟ್ಟಳು. ಆ ಹನ್ನೊಂದೂ ಯಂತ್ರದಲ್ಲಿ ಸೋತವು. ಉಳಿದವುಗಳಲ್ಲಿ ಅವರು ಆರಿಸಿದ ಇಪ್ಪತ್ತೂ ಗೆದ್ದವು.

"ಮುದ್ರೆ ಕೊಡಿ ಅಂತ ಬರೀತೀನಿ. ಆದ್ರೆ ನೋಡೋ ಕೆಲಸ ಇವರ ಕೈಯಲ್ಲೇ ಇರ್ಬೇಕು," ಎಂದರು ಸುಬ್ಬಪ್ಪನವರು.

ಸಾಹೇಬರು ಅತ್ತಿಗೆಗೆ ತಾವೇ ಚಹಾ ತಂದುಕೊಟ್ಟರು. ನನಗೆ ಕೊಡಲಿಲ್ಲ.

ಸಂಜೆ ಮನೆಗೆ ನಡೆಯುವಾಗ ಕೇಳಿದೆ: "ನಿನ್ನ ಕೆಲಸವೇ ಹೋಗ್ತಿತ್ತಲ್ಲ ಅತ್ತಿಗೆ. ನನಗೂ ಒಂದು ಬೊಟ್ಟು ಇಟ್ಟು ಆಚೆ ತಳ್ಳಬಹುದಿತ್ತು."

"ನಿನಗಾ?" ಅತ್ತಿಗೆ ಡಬ್ಬಿ ತೆರೆದು, ಒಂದು ಎಲೆಗೆ ಸುಣ್ಣ ಸವರಿ ನನ್ನ ಕೈಗಿಟ್ಟಳು. "ನಿನ್ನ ತಪ್ಪಿಗೆಲ್ಲ ಬೊಟ್ಟು ಇಡ್ಲಿಕ್ಕೆ ಹೊರಟರೆ ಈ ಡಬ್ಬಿ ಎಲ್ಲಿಗೆ ಸಾಕು ಮಾರಾಯ್ತಿ? ಸುಣ್ಣದ ಭಟ್ಟಿಗೇ ಹೋಗಬೇಕು!"